ಬ್ರೂಕ್ಲಿನ್‌ನಲ್ಲಿ ಬಾಡಿಗೆಗೆಂದೇ ಕೊಳ್ಳುವುದಾದರೆ: 17 ಲಕ್ಷದ ಬ್ರೌನ್‌ಸ್ಟೋನೋ, 13.5 ಲಕ್ಷದ ಕಾಂಡೋವೋ?

ಜರ್ಸಿ_ಕಾಫಿ

ಎಲ್ಲರಿಗೂ ನಮಸ್ಕಾರ. ನ್ಯೂಜರ್ಸಿಯಲ್ಲಿ ಇದ್ದೇವೆ, ಬ್ರೂಕ್ಲಿನ್‌ನಲ್ಲಿ ಒಂದು ಮನೆ ಕೊಂಡು ಪೂರ್ತಿ ಬಾಡಿಗೆಗೆ ಬಿಡುವ ಯೋಚನೆ. ನಾವು ವಾಸಕ್ಕೆ ಹೋಗುವುದಿಲ್ಲ. ಈಗ ಕೈಯಲ್ಲಿರುವ ಪಟ್ಟಿ:

1. ಬೆಡ್‌ಫರ್ಡ್-ಸ್ಟೈವೆಸೆಂಟ್‌ನಲ್ಲಿ ಬ್ರೌನ್‌ಸ್ಟೋನ್ ಸಾಲುಮನೆ, 20 ಅಡಿ ಅಗಲ, ನಾಲ್ಕು ಅಂತಸ್ತು, 17 ಲಕ್ಷ ಡಾಲರ್. ಏಜೆಂಟ್ ಹಾಕಿರುವ ವಿವರ: "ಟೂ ಫ್ಯಾಮಿಲಿ, ಸದ್ಯ ಮೂರು ಮನೆಯಾಗಿ ಬಳಕೆಯಲ್ಲಿದೆ." ಕೆಳ ಅಂತಸ್ತಿನಲ್ಲಿ ಬಾಡಿಗೆದಾರರಿದ್ದಾರೆ.

2. ಡೌನ್‌ಟೌನ್ ಬ್ರೂಕ್ಲಿನ್‌ನಲ್ಲಿ ಎರಡು ಬೆಡ್‌ರೂಮಿನ ಕಾಂಡೋ (ದೊಡ್ಡ ಕಟ್ಟಡದಲ್ಲಿ ಸ್ವಂತ ಪತ್ರವಿರುವ ಫ್ಲ್ಯಾಟ್), ಹಳೆಯ ಮಾಲೀಕರಿಂದ, 13.5 ಲಕ್ಷ. ಡೋರ್‌ಮ್ಯಾನ್, ಜಿಮ್ ಎಲ್ಲ ಇದೆ. ಕಾಮನ್ ಚಾರ್ಜ್ (ಕಟ್ಟಡದ ನಿರ್ವಹಣೆಯ ಪಾಲು) ತಿಂಗಳಿಗೆ 1,200. 421-ಎ ಎಂಬ, ಕೆಲವು ವರ್ಷ ಮಾತ್ರ ಸಿಗುವ ತೆರಿಗೆ ರಿಯಾಯಿತಿ ಇರುವುದರಿಂದ ಆಸ್ತಿ ತೆರಿಗೆ ತಿಂಗಳಿಗೆ 250 ಮಾತ್ರ ಅಂತ ಬರೆದಿದ್ದಾರೆ.

3. ಪ್ರಾಸ್ಪೆಕ್ಟ್ ಹೈಟ್ಸ್‌ನಲ್ಲಿ ಒಂದು ಕೋ-ಆಪ್, 8 ಲಕ್ಷ. ಇದು ಇಷ್ಟು ಅಗ್ಗ ಏಕೆ?

ಮೊದಲನೆಯದಕ್ಕೆ 11 ಲಕ್ಷ ಸಾಲ ಸಿಗುತ್ತದೆ. ಮೈಸೂರಿನಲ್ಲಿರುವ ತಮ್ಮ ಎರಡೂವರೆ ಲಕ್ಷ ಡಾಲರ್ ಹಾಕಿ ಪತ್ರದಲ್ಲಿ ತಾನೂ ಮಾಲೀಕನಾಗುತ್ತೇನೆ ಅನ್ನುತ್ತಿದ್ದಾನೆ. ಕೊಳ್ಳುವ ದಿನದ ಖರ್ಚು, ಬಾಡಿಗೆಯ ನಿಜವಾದ ಲೆಕ್ಕ, ಎಲ್ಲಿ ಎಡವುತ್ತಾರೆ ಎನ್ನುವುದು, ಇಷ್ಟು ತಿಳಿದವರು ಹೇಳಬೇಕು.

---

ಲೆಕ್ಕಪತ್ರ

ಕೋ-ಆಪನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಅಲ್ಲಿ ನೀವು ಕೊಳ್ಳುವುದು ಮನೆಯನ್ನಲ್ಲ, ಕಟ್ಟಡದ ಮಾಲೀಕ ಕಂಪನಿಯ ಷೇರುಗಳನ್ನು. ಅದರ ಜೊತೆ ಆ ಮನೆಯಲ್ಲಿರಲು ಒಂದು ಲೀಸ್ ಸಿಗುತ್ತದೆ. ಬೋರ್ಡಿನವರು ಸಂದರ್ಶನ ಮಾಡಿ, ಕಾರಣವನ್ನೇ ಹೇಳದೆ ಬೇಡ ಅನ್ನಬಹುದು. ಬಾಡಿಗೆಗೆ ಬಿಡಲು ಬಹುತೇಕ ಕಡೆ ಕಟ್ಟುಪಾಡು: ಮೊದಲು ಒಂದೆರಡು ವರ್ಷ ನೀವೇ ಇರಬೇಕು, ಆಮೇಲೂ ಬಿಡುವುದು ಕೆಲವೇ ವರ್ಷ. ಅಗ್ಗವಾಗಿರುವುದು ಅದಕ್ಕೇ. ವಾಸಕ್ಕಾದರೆ ಒಳ್ಳೆಯದು, ನಿಮ್ಮ ಕೆಲಸಕ್ಕೆ ಬಾರದು.

ಇನ್ನು ಕ್ಲೋಸಿಂಗ್, ಅಂದರೆ ಹಣ ಕೊಟ್ಟು ಪತ್ರ ಮಾಡಿಸಿಕೊಳ್ಳುವ ದಿನದ ಖರ್ಚು. ಹತ್ತು ಲಕ್ಷ ಡಾಲರ್ ಮುಟ್ಟಿದ ಯಾವುದೇ ವಾಸದ ಮನೆಗೆ ಕೊಳ್ಳುವವರು ಮ್ಯಾನ್ಶನ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷದೊಳಗೆ ಶೇ. 1, ಜುಲೈ 2019ರಿಂದ ನ್ಯೂಯಾರ್ಕ್ ನಗರದೊಳಗೆ 20 ಲಕ್ಷದಿಂದ ಶೇ. 1.25, 30 ಲಕ್ಷದಿಂದ 1.5, 50 ಲಕ್ಷದಿಂದ 2.25, ಹೀಗೆ ಏರುತ್ತ 2.5 ಕೋಟಿ ಮುಟ್ಟಿದರೆ 3.9. ಆದಾಯ ತೆರಿಗೆಯ ಹಾಗೆ ಮೇಲಿನ ತುಂಡಿಗಷ್ಟೇ ಅಲ್ಲ, ಪೂರ್ತಿ ಬೆಲೆಗೆ. 19,99,000ಕ್ಕೆ ಕೊಂಡರೆ 19,990 ಡಾಲರ್. ಇನ್ನೊಂದು ಸಾವಿರ ಕೊಟ್ಟು 20 ಲಕ್ಷ ಮಾಡಿದರೆ 25,000. ಚೌಕಾಸಿ ಮಾಡುವಾಗ ಈ ಗಡಿಗಳು ತಲೆಯಲ್ಲಿರಲಿ.

ಎರಡನೆಯದು ಸಾಲ ನೋಂದಣಿ ತೆರಿಗೆ. ಮೂರು ಕುಟುಂಬದವರೆಗಿನ ಮನೆ ಮತ್ತು ಕಾಂಡೋಗಳಿಗೆ, ಸಾಲ 5 ಲಕ್ಷದೊಳಗಿದ್ದರೆ ನಿಮ್ಮ ಪಾಲು ಶೇ. 1.8, ಅದಕ್ಕಿಂತ ಹೆಚ್ಚಾದರೆ 1.925. ಬೆಲೆಗಲ್ಲ, ಸಾಲದ ಮೊತ್ತಕ್ಕೆ. ಹಾಗಾಗಿ ನಿಮ್ಮ ಬ್ರೌನ್‌ಸ್ಟೋನಿಗೆ:

ಮ್ಯಾನ್ಶನ್ ಟ್ಯಾಕ್ಸ್ 17,000
ಸಾಲ ನೋಂದಣಿ ತೆರಿಗೆ 21,175
ಟೈಟಲ್ ಇನ್ಶೂರೆನ್ಸ್ (ಮಾಲೀಕತ್ವದ ತಕರಾರಿಗೆ ವಿಮೆ) ಹೆಚ್ಚುಕಡಿಮೆ 7,000
ವಕೀಲರು, ಬ್ಯಾಂಕಿನ ಶುಲ್ಕ, ಇನ್‌ಸ್ಪೆಕ್ಷನ್ ಸೇರಿ 7,000ದಿಂದ 9,000

ಅಂದರೆ ಡೌನ್ ಪೇಮೆಂಟ್ ಬಿಟ್ಟು 52,000ದಿಂದ 54,000 ಕೈಯಲ್ಲಿರಬೇಕು. ಮಾರುವವರ ಹಳೆಯ ಸಾಲ ಇನ್ನೂ ಬಾಕಿಯಿದ್ದರೆ ಅದನ್ನು ತೀರಿಸಿ ಮುಚ್ಚುವ ಬದಲು ನಿಮ್ಮ ಬ್ಯಾಂಕಿಗೆ ವರ್ಗಾಯಿಸಿಕೊಳ್ಳುವ ದಾರಿಯಿದೆ, "ಪರ್ಚೇಸ್ ಸೀಮಾ" ಅನ್ನುತ್ತಾರೆ. ಆಗ ಹೊಸದಾಗಿ ಸೇರಿದ ಸಾಲಕ್ಕಷ್ಟೇ ನೋಂದಣಿ ತೆರಿಗೆ. ಎರಡೂ ಬ್ಯಾಂಕು ಒಪ್ಪಬೇಕು, ಕೆಲವು ವಾರ ಹೆಚ್ಚು ಹಿಡಿಯುತ್ತದೆ. ಮಾರುವವರಿಗೂ ವರ್ಗಾವಣೆ ತೆರಿಗೆಯಲ್ಲಿ ಸ್ವಲ್ಪ ಉಳಿಯುವುದರಿಂದ ಕೇಳಲು ಸಂಕೋಚ ಬೇಡ.

ಬಾಡಿಗೆಯ ಲೆಕ್ಕ. ಕೆಳಗಿನ ಅಂಕಿಗಳು ಅಂದಾಜು, ನಿಮ್ಮ ಬೀದಿಯ ಅಂಕಿ ಹಾಕಿ ಮತ್ತೆ ಮಾಡಿ. ಬ್ರೌನ್‌ಸ್ಟೋನ್ ಎರಡು ಮನೆಯಾಗಿ ತಿಂಗಳಿಗೆ 9,200 ತಂದರೆ ವರ್ಷಕ್ಕೆ 1,10,400. ಖಾಲಿ ಬೀಳುವುದಕ್ಕೆ ಶೇ. 5 ತೆಗೆಯಿರಿ: 1,04,880. ಆಸ್ತಿ ತೆರಿಗೆ 8,000, ವಿಮೆ 6,500, ನೀರು-ಒಳಚರಂಡಿ 2,500 (ಇಲ್ಲಿ ನೀರಿನ ಬಿಲ್ಲು ಮಾಲೀಕರದ್ದೇ), ರಿಪೇರಿ 8,000, ಬ್ರೋಕರ್ 4,600. ಬ್ರೋಕರ್ ಏಕೆ ಅಂದರೆ, ಜೂನ್ 11, 2025ರಿಂದ ಜಾರಿಯಾದ ಫೇರ್ ಕಾಯ್ದೆಯಂತೆ ಯಾರು ನೇಮಿಸಿಕೊಂಡರೋ ಅವರೇ ಕಮಿಷನ್ ಕೊಡಬೇಕು. ಬಾಡಿಗೆದಾರರ ತಲೆಗೆ ಕಟ್ಟುವ ಕಾಲ ಹೋಯಿತು. ಉಳಿಯುವುದು 75,280, ಅಂದರೆ 17 ಲಕ್ಷಕ್ಕೆ ಶೇ. 4.4. ಶೇ. 7ರ ಬಡ್ಡಿಯಲ್ಲಿ 11 ಲಕ್ಷದ 30 ವರ್ಷದ ಸಾಲಕ್ಕೆ ಕಂತು ತಿಂಗಳಿಗೆ ಸುಮಾರು 7,320, ವರ್ಷಕ್ಕೆ 87,800. ವರ್ಷಾ ವರ್ಷ ಹನ್ನೆರಡೂವರೆ ಸಾವಿರ ಕೈಯಿಂದ ಹಾಕಬೇಕು.

ಕಾಂಡೋ ಇನ್ನೂ ತೆಳ್ಳಗಿದೆ. ಬಾಡಿಗೆ 6,000 ಅಂದುಕೊಂಡರೂ ಕಾಮನ್ ಚಾರ್ಜ್ 14,400, ತೆರಿಗೆ 3,000, ಖಾಲಿ ಅವಧಿ, ಬ್ರೋಕರ್, ವಿಮೆ ಕಳೆದು 47,000 ಚಿಲ್ಲರೆ: ಶೇ. 3.5. ಅದೂ 421-ಎ ಇರುವವರೆಗೆ.

ನಷ್ಟವನ್ನು ಸಂಬಳದ ತೆರಿಗೆಯಲ್ಲಿ ಕಳೆಯುತ್ತೇನೆ ಅಂದುಕೊಂಡಿದ್ದರೆ ಅದೂ ನಡೆಯದು. ಬಾಡಿಗೆ ನಷ್ಟದ 25,000ದ ವಿನಾಯಿತಿ ವಾರ್ಷಿಕ ಆದಾಯ 1 ಲಕ್ಷ ದಾಟಿದಾಗಿನಿಂದ ಕರಗುತ್ತ 1.5 ಲಕ್ಷಕ್ಕೆ ಸೊನ್ನೆಯಾಗುತ್ತದೆ. ನಷ್ಟ ಹಾಳಾಗುವುದಿಲ್ಲ, ಮುಂದಿನ ವರ್ಷಗಳಿಗೆ ಹೋಗುತ್ತದೆ ಅಷ್ಟೇ.

---

ಕಡತ_ಹುಳು

ಲೆಕ್ಕಪತ್ರ ಅವರ ಲೆಕ್ಕ ಸರಿ. ಆದರೆ ಆ ಲೆಕ್ಕ ನಿಂತಿರುವುದು "ಎರಡು ಮನೆ" ಎಂಬ ಮಾತಿನ ಮೇಲೆ. ಏಜೆಂಟಿನ ಬೆಲೆ ನಿಂತಿರುವುದು ಮೂರರ ಮೇಲೆ. ನನಗೆ ಇಡೀ ಪೋಸ್ಟಿನಲ್ಲಿ ಕಂಡ ಅಪಾಯ ಅದೊಂದೇ ಸಾಲು.

ನಗರದ ಕಟ್ಟಡ ಇಲಾಖೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿ (ಕಟ್ಟಡವನ್ನು ಹೇಗೆ ಬಳಸಬಹುದು ಅನ್ನುವ ಪ್ರಮಾಣಪತ್ರ) ತೆಗೆದು ನೋಡಿ. ಪ್ರತಿ ಅಂತಸ್ತಿನಲ್ಲಿ ಎಷ್ಟು ಮನೆ ಅಂತ ಅದರಲ್ಲಿ ಬರೆದಿರುತ್ತದೆ. 1938ಕ್ಕೆ ಮುಂಚಿನ ಕಟ್ಟಡಕ್ಕೆ ಅದು ಇಲ್ಲದಿರಬಹುದು, ತಪ್ಪೇನಲ್ಲ; ಆಗ "ಲೆಟರ್ ಆಫ್ ನೋ ಆಬ್ಜೆಕ್ಷನ್" ಅಥವಾ ವಸತಿ ಇಲಾಖೆಯ ಹಳೆಯ ಐ-ಕಾರ್ಡ್ (ಹಿಂದಿನ ತಪಾಸಣೆಯ ದಾಖಲೆ) ಆಧಾರ. ಕಾಗದ ಎರಡು ಅಂದು, ಒಳಗೆ ಮೂರು ಅಡುಗೆಮನೆ ಇದ್ದರೆ ಏನಾಗುತ್ತದೆ? ಬಾಡಿಗೆದಾರರು ಬಾಡಿಗೆ ನಿಲ್ಲಿಸಿದರೆ ಕೋರ್ಟಿನಲ್ಲಿ ನಿಮಗೆ ವಸೂಲಿಯ ಹಕ್ಕಿಲ್ಲ. ಮಲ್ಟಿಪಲ್ ಡ್ವೆಲಿಂಗ್ ಕಾಯ್ದೆಯ 302ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಬೆಂಕಿ ಬಿದ್ದರೆ ವಿಮೆಯವರು ಮೊದಲು ಕೇಳುವುದೂ ಇದನ್ನೇ.

ಕಾನೂನಾಗಿ ಮೂರು ಮಾಡಿಸಿಕೊಳ್ಳುತ್ತೇನೆ ಅನ್ನುವುದು ಬಾಯಲ್ಲಿ ಸುಲಭ. ಆರ್ಕಿಟೆಕ್ಟ್ ನಕ್ಷೆ ಹಾಕಬೇಕು, ಹೊರಹೋಗುವ ದಾರಿ ತೋರಿಸಬೇಕು, ಸ್ಪ್ರಿಂಕ್ಲರ್ ಬೇಕಾಗಬಹುದು, ಹೊಸ ಸರ್ಟಿಫಿಕೇಟ್ ಬರಬೇಕು. ಮೂರಾದ ಕೂಡಲೇ ಕಟ್ಟಡ "ಮಲ್ಟಿಪಲ್ ಡ್ವೆಲಿಂಗ್": ವಸತಿ ಇಲಾಖೆಯಲ್ಲಿ ಪ್ರತಿ ವರ್ಷ ನೋಂದಣಿ (ಮಾಲೀಕರು ವಾಸವಿಲ್ಲದಿದ್ದರೆ ಎರಡು ಮನೆಗೂ ಇದು ಬೇಕು), ನಾಲ್ಕು ವರ್ಷಕ್ಕೊಮ್ಮೆ ಗ್ಯಾಸ್ ಪೈಪ್ ತಪಾಸಣೆ, ತಿಗಣೆ ವರದಿ ಕೂಡ. (ಹೌದು, ತಿಗಣೆಗೂ ಇಲ್ಲಿ ವಾರ್ಷಿಕ ವರದಿ ಇದೆ.)

ಬೆಡ್‌ಸ್ಟೈಯಲ್ಲಿ (ಬೆಡ್‌ಫರ್ಡ್-ಸ್ಟೈವೆಸೆಂಟ್) ಇನ್ನೊಂದು ಗುಂಡಿ. ಅಲ್ಲಿನ ಎಷ್ಟೋ ಬ್ರೌನ್‌ಸ್ಟೋನುಗಳು ಒಂದು ಕಾಲಕ್ಕೆ ಕೋಣೆಕೋಣೆಯಾಗಿ ಬಾಡಿಗೆಗೆ ಹೋಗುತ್ತಿದ್ದ ಎಸ್‌ಆರ್‌ಒಗಳು. ಕಡತದಲ್ಲಿ ಇನ್ನೂ ಹಾಗೇ ಉಳಿದಿದ್ದರೆ, ಬಾಡಿಗೆದಾರರಿಗೆ ಕಿರುಕುಳ ಕೊಟ್ಟಿಲ್ಲ ಎಂಬ ಪ್ರಮಾಣಪತ್ರ ಇಲ್ಲದೆ ಕಟ್ಟಡ ಮಾರ್ಪಾಡಿಗೆ ಪರವಾನಗಿ ಇಲ್ಲ. 1974ಕ್ಕೆ ಮುಂಚಿನ, ಆರು ಅಥವಾ ಹೆಚ್ಚು ಘಟಕಗಳ ಕಟ್ಟಡ ಅಂತ ಲೆಕ್ಕವಾದರೆ ಬಾಡಿಗೆ ನಿಯಂತ್ರಣವೂ ಅಂಟಿಕೊಳ್ಳುತ್ತದೆ. 2019ರ ಕಾಯ್ದೆ ಬಂದ ಮೇಲೆ ಬಾಡಿಗೆ ಇಷ್ಟು ದಾಟಿತು, ಮನೆ ಖಾಲಿಯಾಯಿತು ಅಂತ ನಿಯಂತ್ರಣದಿಂದ ಹೊರತರುವ ಹಳೆಯ ದಾರಿ ಮುಚ್ಚಿದೆ.

ಅಕ್ರಿಸ್ ಎಂಬ ನಗರದ ನೋಂದಣಿ ತಾಣದಲ್ಲಿ 1966ರಿಂದ ಈಚಿನ ಪತ್ರಗಳು ಬಿಟ್ಟಿ ಸಿಗುತ್ತವೆ. ಹಿಂದಿನ ಕ್ರಯ, ಬಾಕಿ ಸಾಲ ಎಲ್ಲ ಓದಿಕೊಳ್ಳಿ. ಪರ್ಚೇಸ್ ಸೀಮಾಕ್ಕೆ ಹಳೆಯ ಸಾಲ ಎಷ್ಟಿದೆ ಅನ್ನುವುದರ ಸುಳಿವೂ ಅಲ್ಲೇ.

ಕೆಳ ಅಂತಸ್ತಿನ ಬಾಡಿಗೆದಾರರ ವಿಷಯ: ಲೀಸ್ ಪ್ರತಿ, ಬಾಡಿಗೆ ಕಟ್ಟಿದ ದಾಖಲೆ, ಡಿಪಾಸಿಟ್ ಎಲ್ಲಿದೆ, ಮೂರನ್ನೂ ಕೇಳಿ. ಬೇಡವಾದರೆ "ಖಾಲಿ ಮಾಡಿಸಿ ಕೊಡಬೇಕು" ಅಂತ ಒಪ್ಪಂದದಲ್ಲೇ ಬರೆಸಿ. ನೀವು ಕೊಂಡ ಮೇಲೆ ನವೀಕರಣ ಬೇಡ ಅನ್ನಬೇಕಾದರೆ, ಅವರು ಇದ್ದ ಕಾಲ ಒಂದು ವರ್ಷಕ್ಕಿಂತ ಕಡಿಮೆಯಾದರೆ 30 ದಿನ, ಒಂದರಿಂದ ಎರಡು ವರ್ಷಕ್ಕೆ 60, ಎರಡು ದಾಟಿದರೆ 90 ದಿನದ ನೋಟಿಸ್. ಬಾಡಿಗೆ ಶೇ. 5 ಅಥವಾ ಹೆಚ್ಚು ಏರಿಸುವುದಕ್ಕೂ ಇದೇ ನೋಟಿಸ್. ಹೊಸಬರಿಂದ ಡಿಪಾಸಿಟ್ ಒಂದು ತಿಂಗಳದ್ದಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಮರೆತುಬಿಡಿ.

---

ಜರ್ಸಿ_ಕಾಫಿ

ಇಬ್ಬರಿಗೂ ಧನ್ಯವಾದ. ಎರಡು ಮರುಪ್ರಶ್ನೆ. ಬ್ರೌನ್‌ಸ್ಟೋನಿನ ತೆರಿಗೆ 8,000, ಕಾಂಡೋದ್ದು ಈಗ 3,000, ಮುಂದೆ ಎಷ್ಟಾಗುತ್ತದೆ? ಮತ್ತೆ ಕೆಳ ಅಂತಸ್ತನ್ನು ಏರ್‌ಬಿಎನ್‌ಬಿಗೆ ಬಿಟ್ಟರೆ ಆ ಹನ್ನೆರಡು ಸಾವಿರದ ಕೊರತೆ ತುಂಬುವುದಿಲ್ಲವೇ?

---

ಲೆಕ್ಕಪತ್ರ

ಏರ್‌ಬಿಎನ್‌ಬಿ ಆಗದು. ಸೆಪ್ಟೆಂಬರ್ 2023ರಿಂದ ಜಾರಿಯಲ್ಲಿರುವ ಲೋಕಲ್ ಲಾ 18ರ ಪ್ರಕಾರ 30 ದಿನಕ್ಕಿಂತ ಕಡಿಮೆಗೆ ಬಿಡಬೇಕಾದರೆ ನಗರದಲ್ಲಿ ನೋಂದಾಯಿಸಬೇಕು, ಆತಿಥೇಯರು ಅದೇ ಮನೆಯಲ್ಲಿ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ನೀವು ಜರ್ಸಿಯಲ್ಲಿ ಕೂತು ಮಾಡುವ ಕೆಲಸವಲ್ಲ.

ತೆರಿಗೆಯಲ್ಲಿ ಬ್ರೌನ್‌ಸ್ಟೋನ್ ಗೆಲ್ಲುತ್ತದೆ. ಒಂದರಿಂದ ಮೂರು ಕುಟುಂಬದ ಮನೆಗಳು ಕ್ಲಾಸ್ 1. ನಗರ ಗುರುತಿಸಿದ ಮಾರುಕಟ್ಟೆ ಬೆಲೆಯ ಶೇ. 6ನ್ನು ಮೌಲ್ಯ ಅಂತ ಹಿಡಿದು, ಅದರ ಮೇಲೆ ಶೇ. 20ರ ಆಸುಪಾಸು ತೆರಿಗೆ. ಆ ಮೌಲ್ಯ ವರ್ಷಕ್ಕೆ ಶೇ. 6, ಐದು ವರ್ಷಕ್ಕೆ ಶೇ. 20ಕ್ಕಿಂತ ಹೆಚ್ಚು ಏರುವಂತಿಲ್ಲ. ಹೊಸದಾಗಿ ಕಟ್ಟಿದ್ದೋ ದೊಡ್ಡ ರಿಪೇರಿಯೋ ಮಾತ್ರ ಈ ಮಿತಿಯ ಹೊರಗೆ. ಮಾರಾಟವಾಯಿತೆಂದು ಇಲ್ಲಿ ಮೌಲ್ಯವನ್ನು ಹೊಸದಾಗಿ ಕಟ್ಟುವುದೂ ಇಲ್ಲ. ಬೆಲೆ ಬೇಗ ಏರಿದ ಬೀದಿಗಳಲ್ಲಿ ತೆರಿಗೆ ಹಿಂದೆ ಬಿದ್ದಿರುವುದು ಇದರಿಂದಲೇ.

ಕಾಂಡೋ ಕ್ಲಾಸ್ 2. ದೊಡ್ಡ ಕಟ್ಟಡಗಳಿಗೆ ಆ ಮಿತಿ ಇಲ್ಲ. 421-ಎ ವಿನಾಯಿತಿ ಒಮ್ಮೆಲೇ ಬೀಳದೆ ಕೊನೆಯ ವರ್ಷಗಳಲ್ಲಿ ಶೇ. 20ರಂತೆ ಕರಗುತ್ತದೆ. ಹಣಕಾಸು ಇಲಾಖೆಯ ತಾಣದಲ್ಲಿ ಆ ಕಾಂಡೋದ ತೆರಿಗೆ ಬಿಲ್ಲು ತೆಗೆದು, ವಿನಾಯಿತಿಗೆ ಮುಂಚಿನ ತೆರಿಗೆ ಎಷ್ಟು, ಯಾವ ವರ್ಷಕ್ಕೆ ಮುಗಿಯುತ್ತದೆ ಎರಡನ್ನೂ ಬರೆದುಕೊಳ್ಳಿ. ಪೂರ್ತಿ ತೆರಿಗೆ ವರ್ಷಕ್ಕೆ 18,000 ಅಂತ ಬಂದರೆ ನಿಮ್ಮ ಶೇ. 3.5 ಇಳಿದು 2.4 ಆಗುತ್ತದೆ. ಕಾಂಡೋಗಳಿಗೆ ಸಿಗುವ ಇನ್ನೊಂದು ರಿಯಾಯಿತಿ ಸ್ವಂತ ವಾಸದವರಿಗೆ ಮಾತ್ರ. ಈಗಿನ ಮಾಲೀಕರ ಬಿಲ್ಲಿನಲ್ಲಿ ಅದಿದ್ದರೆ ನಿಮಗೆ ಬರುವುದಿಲ್ಲ.

---

ಧಾರವಾಡ_ಪೇಢಾ

ಕಾಗದ ಆತು, ಈಗ ಕಲ್ಲಿನ ಮಾತು ಕೇಳ್ರಿ. ಬ್ರೌನ್‌ಸ್ಟೋನ್ ಅಂದ್ರ ಪೂರಾ ಕಲ್ಲಿನ ಮನಿ ಅಲ್ಲ. ಇಟ್ಟಂಗಿ ಗ್ವಾಡಿಗೆ ಮುಂದಿನ ಕಡೆ ನಾಕರಿಂದ ಆರು ಇಂಚು ಮರಳುಗಲ್ಲು ಹಚ್ಚಿರ್ತಾರ. ಆ ಕಲ್ಲು ಪದರ ಪದರ ಇರ್ತದ. ಅಡ್ಡ ಮಲಗಿಸಿ ಕಟ್ಟೋದು ಬಿಟ್ಟು ಪದರ ಮುಂದ ಬರೋ ಹಂಗ ನಿಲ್ಲಿಸಿ ಹಚ್ಚಿದ್ರಿಂದ ನೀರು ಒಳಗ ಹೊಕ್ಕು, ಚಳಿಗಾಲದಾಗ ಹೆಪ್ಪುಗಟ್ಟಿ, ಹಪ್ಪಳದಂಗ ಎದ್ದು ಬರ್ತದ. ಮ್ಯಾಲ ಗಟ್ಟಿ ಸಿಮೆಂಟ್ ಬಳದು ಬಣ್ಣ ಹಚ್ಚಿದ್ರ ಇನ್ನೂ ಕೆಡ್ತದ, ಯಾಕಂದ್ರ ನೀರು ಹೊರಗ ಬರಲಿಕ್ಕೆ ದಾರಿ ಇರಂಗಿಲ್ಲ. ಕಟ್ಟಿಗಿ ಸುತ್ತಿಗಿ ತೊಗೊಂಡು ಮೆಟ್ಟಲ ಹತ್ರ, ಕಿಟಕಿ ಕೆಳಗ ಬಡದು ನೋಡ್ರಿ. ಡೊಳ್ಳು ಸಪ್ಪಳ ಬಂದ್ರ ಅಲ್ಲಿ ಕಲ್ಲು ಬಿಟ್ಟದ.

ಪಾರಂಪರಿಕ ಪ್ರದೇಶದಾಗ ಇದ್ರ ಮುಂಭಾಗ, ಕಿಟಕಿ, ಹಿಂದಿನ ವಿಸ್ತರಣೆ ಎಲ್ಲಕ್ಕೂ ಲ್ಯಾಂಡ್‌ಮಾರ್ಕ್ಸ್ ಕಮಿಷನ್ ಪರವಾನಗಿ ಬೇಕು. ಬ್ರೂಕ್ಲಿನ್ ಹೈಟ್ಸ್ 1965ರಾಗ ನಗರದ ಮೊದಲ ಪಾರಂಪರಿಕ ಜಿಲ್ಲಾ ಆತು. ಬೆಡ್‌ಸ್ಟೈದಾಗೂ ಕೆಲವು ಭಾಗ ಅವ. ಕಿಟಕಿ ಬದಲಿ ಖರ್ಚು ಕೇಳೂದಕಿಂತ ಮೊದಲ ನಕಾಶಿ ನೋಡ್ರಿ.

ಒಳಗ ಏನು ನೋಡ್ಬೇಕು:

ಒಳಚರಂಡಿ ಪೈಪಿಗೆ ಕ್ಯಾಮರಾ ಇಳಿಸ್ರಿ. ಮನಿಯಿಂದ ರಸ್ತೆ ನಡುವಿನ ಮುಖ್ಯ ಪೈಪಿನ ತನಕ ಮಾಲಕರದ ಜವಾಬ್ದಾರಿ. ಗಿಡದ ಬೇರು ಹೊಕ್ಕಿದ್ರ ರಸ್ತೆ ಅಗಿಬೇಕು, ಆ ಖರ್ಚು ನಿಮ್ದು.

ನೀರಿನ ಸರ್ವೀಸ್ ಪೈಪ್ ಸೀಸದ್ದೇನು, ನೆಲಮಾಳಿಗಿಯಾಗ ಮೀಟರ್ ಹತ್ರ ಕೆರದು ನೋಡ್ರಿ. ಬೆಳ್ಳಿಯಂಗ ಹೊಳದು ಮೆತ್ತಗ ಇದ್ರ ಸೀಸ.

ಮೆಟ್ಟಲಸಾಲು ಒಂದು ಕಡಿ ವಾಲ್ಯದೇನು, ನೆಲದ ತೊಲಿ ತುದಿ ಗ್ವಾಡಿಯೊಳಗ ಕೊಳತಾವೇನು. ಮಾರಬಲ್ ಹಚ್ಚಿದ ಹೊಸ ಬಚ್ಚಲ ನೋಡಿ ಮರುಳಾಗಬ್ಯಾಡ್ರಿ, ಅದರ ಕೆಳಗಿನ ತೊಲಿ ನೋಡ್ರಿ. ಪೈಪ್ ಹಾಯಿಸಲಿಕ್ಕೆ ತೊಲಿಯನ್ನ ಅರ್ಧ ಕಡದಿರ್ತಾರ.

ಬಾಯ್ಲರ್ ಒಂದ ಇದ್ರ ಎರಡೂ ಮನಿ ಕಾಸೋ ಗ್ಯಾಸ್ ಬಿಲ್ ನಿಮಗ. ಲೆಕ್ಕಪತ್ರ ಅವರ ಪಟ್ಟಿಯಾಗ ಇದು ಬಿಟ್ಟಾರ. ಅಕ್ಟೋಬರ್ 1ರಿಂದ ಮೇ 31ರ ತನಕ, ಹೊರಗ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮಿ ಆದ್ರ ಹಗಲಿಗೆ ಒಳಗ 68, ರಾತ್ರಿ ಹೊರಗ ಎಷ್ಟಿದ್ರೂ 62 ಇರಲೇಬೇಕು. ಇಲ್ಲಂದ್ರ ಬಾಡಿಗಿದಾರರು ನಗರದ ದೂರಿನ ನಂಬರ್ 311ಕ್ಕ ಫೋನ್ ಮಾಡ್ತಾರ, ದಂಡ ಬೀಳ್ತದ.

ಸೀಸದ ಬಣ್ಣ: 1960ಕ್ಕ ಮುಂಚಿನ ಬಾಡಿಗಿ ಮನಿಗಳನ್ನ ಎಕ್ಸ್‌ಆರ್‌ಎಫ್ ಯಂತ್ರದ್ಲೆ ತಪಾಸ ಮಾಡಿಸಲಿಕ್ಕೆ ಗಡುವು ಆಗಸ್ಟ್ 2025ಕ್ಕ ಮುಗದದ. ಮಾರಾವರ ಹತ್ರ ವರದಿ ಇಸಗೋರಿ. ಇಲ್ಲಂದ್ರ ಬೆಲಿಯಾಗ ಇಳಿಸ್ರಿ.

ಛಾವಣಿ ಅಂಚಿನ ಪ್ಯಾರಪೆಟ್: 2024ರಿಂದ ಬೀದಿ ಕಡೆ ಇರೋದನ್ನ ಪ್ರತಿ ವರ್ಷ ತಪಾಸ ಮಾಡಿಸಬೇಕು. ಬಿಡಿಯಾಗಿ ನಿಂತ ಒಂದು-ಎರಡು ಕುಟುಂಬದ ಮನಿಗೆ ವಿನಾಯಿತಿ ಅದ, ಸಾಲುಮನಿಗೆ ಇಲ್ಲ.

---

ಗಡಿಯಾಚೆ_ಸಿಎ

ತಮ್ಮನ ಹಣದ ವಿಚಾರ ಯಾರೂ ಮುಟ್ಟಲಿಲ್ಲ. ಭಾರತದ ನಿವಾಸಿಗೆ ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸುವ ರಿಸರ್ವ್ ಬ್ಯಾಂಕಿನ ಯೋಜನೆ) ಅಡಿಯಲ್ಲಿ ಒಂದು ಹಣಕಾಸು ವರ್ಷಕ್ಕೆ ಮಿತಿ 2.5 ಲಕ್ಷ ಡಾಲರ್. ಅದಕ್ಕಿಂತ ಹೆಚ್ಚು ಬೇಕಾದರೆ ಮಾರ್ಚ್ ಕೊನೆಗೊಂದು, ಏಪ್ರಿಲ್ ಮೊದಲಿಗೊಂದು ಕಂತು ಕಳಿಸಬಹುದು. ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ಅದು ಖರ್ಚಲ್ಲ, ರಿಟರ್ನ್‌ನಲ್ಲಿ ವಾಪಸ್ ಸಿಗುತ್ತದೆ. ಆದರೆ 2.5 ಲಕ್ಷ ಡಾಲರ್ ಕಳಿಸಲು ಆ ಶೇ. 20ನ್ನೂ ಮೇಲೆ ಹೊಂದಿಸಬೇಕು, ಮತ್ತು ಅದು ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತದೆ. ಕ್ಲೋಸಿಂಗ್ ದಿನಾಂಕ ಗೊತ್ತಾದ ಮೇಲೆ ಓಡಾಡಿದರೆ ತಡವಾಯಿತು.

ಪತ್ರದಲ್ಲಿ ಅವನ ಹೆಸರು ಬಂದರೆ ಅಮೆರಿಕದ ಕಡೆ ಮೂರು ತೊಡಕು. ಒಂದು, ಅವನ ಪಾಲಿನ ಬಾಡಿಗೆಗೆ ಸುಮ್ಮನಿದ್ದರೆ ಖರ್ಚು ಕಳೆಯದೆ ಶೇ. 30 ತೆರಿಗೆ. ಖರ್ಚು ಕಳೆದು ಉಳಿದದ್ದಕ್ಕೆ ಮಾತ್ರ ಕಟ್ಟುವ ಆಯ್ಕೆಯನ್ನು ಮೊದಲ ವರ್ಷವೇ ರಿಟರ್ನ್‌ನಲ್ಲಿ ಆರಿಸಬೇಕು. ಅದಕ್ಕೆ ಐಟಿಐಎನ್ (ಅಮೆರಿಕದ ತೆರಿಗೆ ಗುರುತಿನ ಸಂಖ್ಯೆ) ಬೇಕು. ಎರಡು, ಮಾರುವಾಗ ಫರ್ಪ್ಟಾ (ವಿದೇಶಿಯರ ಆಸ್ತಿ ಮಾರಾಟದ ತೆರಿಗೆ ಕಾಯ್ದೆ): ಅವನ ಪಾಲಿಗೆ ಬಂದ ಮಾರಾಟದ ಮೊತ್ತದಲ್ಲಿ ಶೇ. 15 ಹಿಡಿದಿಡುತ್ತಾರೆ. ಲಾಭಕ್ಕಲ್ಲ, ಮೊತ್ತಕ್ಕೆ. ಕ್ಲೋಸಿಂಗಿಗೆ ಮುಂಚೆ 8288-ಬಿ ಅರ್ಜಿ ಹಾಕಿದರೆ ಕಡಿಮೆ ಮಾಡಿಸಬಹುದು. ಮೂರನೆಯದೇ ದೊಡ್ಡದು. ಅಮೆರಿಕದಲ್ಲಿ ನೆಲೆಯಿಲ್ಲದ ವಿದೇಶಿಯೊಬ್ಬರು ತೀರಿಕೊಂಡರೆ ಇಲ್ಲಿನ ಆಸ್ತಿಯಲ್ಲಿ ಎಸ್ಟೇಟ್ ತೆರಿಗೆ ವಿನಾಯಿತಿ ಬರೀ 60,000 ಡಾಲರ್, ಮೇಲಿನದಕ್ಕೆ ಶೇ. 40ರವರೆಗೆ. ಭಾರತ-ಅಮೆರಿಕ ನಡುವೆ ಎಸ್ಟೇಟ್ ತೆರಿಗೆ ಒಪ್ಪಂದ ಇಲ್ಲ.

ಭಾರತದ ಕಡೆ ಅವನು ಪ್ರತಿ ವರ್ಷ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಇದನ್ನು ತೋರಿಸಬೇಕು. ಮರೆತರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು, ಮುಚ್ಚಿಟ್ಟಿದ್ದು ಬಿಳಿ ಹಣದ ಆಸ್ತಿಯೇ ಆದರೂ.

ಪಾಲುದಾರಿಕೆಯೇ ಮುಖ್ಯ ಅಲ್ಲದಿದ್ದರೆ ಅವನು ನಿಮಗೆ ಉಡುಗೊರೆಯಾಗಿ ಕಳಿಸಿ, ಪತ್ರದಲ್ಲಿ ನೀವೊಬ್ಬರೇ ಇರುವುದು ಸರಳ. ವಿದೇಶಿಯಿಂದ ವರ್ಷಕ್ಕೆ 1 ಲಕ್ಷ ಡಾಲರ್ ದಾಟಿದ ಉಡುಗೊರೆಗೆ ನೀವು 3520 ಫಾರ್ಮ್ ಕೊಡಬೇಕು. ತೆರಿಗೆ ಇಲ್ಲ, ಕೊಡದಿದ್ದರೆ ದಂಡ ಭಾರಿ. ಉಡುಗೊರೆ ಅಂದ ಮೇಲೆ ಅದು ಉಡುಗೊರೆಯೇ ಆಗಿರಬೇಕು. ಒಳಗೊಳಗೆ ಪಾಲಿನ ಕರಾರು ಇಟ್ಟುಕೊಂಡು ಬ್ಯಾಂಕಿಗೆ ಗಿಫ್ಟ್ ಪತ್ರ ಬರೆದುಕೊಟ್ಟರೆ ಅದು ಸಾಲದ ಅರ್ಜಿಯಲ್ಲಿ ಸುಳ್ಳು ಹೇಳಿದಂತೆ.

---

ಜರ್ಸಿ_ಕಾಫಿ

ಕಾಂಡೋ ಕೈಬಿಟ್ಟೆ, ತಮ್ಮನಿಗೂ ಇದನ್ನೆಲ್ಲ ಓದಲು ಕಳಿಸಿದ್ದೇನೆ. ಏಜೆಂಟನ್ನು ಸರ್ಟಿಫಿಕೇಟ್ ಬಗ್ಗೆ ಕೇಳಿದೆ. "ಮೂರು ಫ್ಯಾಮಿಲಿಗೆ ಬದಲಾಯಿಸುವ ಕೆಲಸ ನಡೆಯುತ್ತಿದೆ, ಇನ್ನೇನು ಬಂದುಬಿಡುತ್ತದೆ, ಬೇರೆಯವರ ಆಫರ್ ಇದೆ, ಈ ವಾರವೇ ಸಹಿ ಮಾಡಿ" ಅನ್ನುತ್ತಿದ್ದಾರೆ.

---

ಕಡತ_ಹುಳು

ಜಾಬ್ ನಂಬರ್ (ಕಟ್ಟಡ ಇಲಾಖೆಯ ಅರ್ಜಿ ಸಂಖ್ಯೆ) ಕೇಳಿ. ಕೊಟ್ಟರೆ ಕಟ್ಟಡ ಇಲಾಖೆಯ ತಾಣದಲ್ಲಿ ಹಾಕಿ ನೋಡಿ: ಅರ್ಜಿ ಸಲ್ಲಿಸಿದ್ದಷ್ಟೇನಾ, ನಕ್ಷೆ ಮಂಜೂರಾಗಿದೆಯಾ, ಪರವಾನಗಿ ಹೊರಬಿದ್ದಿದೆಯಾ, ಕೊನೆಯ ತಪಾಸಣೆ ಮುಗಿದಿದೆಯಾ. ನಂಬರೇ ಇಲ್ಲವೆಂದರೆ ಕೆಲಸವೂ ಇಲ್ಲ.

ಅವಸರಕ್ಕೆ ಬೀಳಬೇಡಿ. ನ್ಯೂಯಾರ್ಕಿನಲ್ಲಿ ಆಫರ್ ಒಪ್ಪಿದರು ಅನ್ನುವುದಕ್ಕೆ ಬೆಲೆಯಿಲ್ಲ. ಎರಡೂ ಕಡೆ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಯಾರೂ ಯಾರಿಗೂ ಕಟ್ಟುಬಿದ್ದಿಲ್ಲ. ಇನ್‌ಸ್ಪೆಕ್ಷನ್ ಸಹಿಗೆ ಮುಂಚೆಯೇ ಆಗಬೇಕು, ಆಮೇಲಲ್ಲ. ಸಹಿಯ ದಿನ ಶೇ. 10, ಅಂದರೆ ನಿಮ್ಮದಕ್ಕೆ 1,70,000 ಡಾಲರ್, ಮಾರುವವರ ವಕೀಲರ ಎಸ್ಕ್ರೋ ಖಾತೆಗೆ (ಕ್ಲೋಸಿಂಗ್‌ವರೆಗೆ ಹಣ ಕಾದಿಡುವ ಖಾತೆ) ಹೋಗುತ್ತದೆ. ಆಮೇಲೆ ಸುಮ್ಮನೆ ಹಿಂದೆ ಸರಿದರೆ ಅದು ಹೋದ ಹಾಗೆ. ಏಜೆಂಟ್ ತೋರಿಸಿದ ವಕೀಲರು ಬೇಡ, ನಿಮ್ಮವರೇ ಇರಲಿ.

ಎರಡು ದಾರಿ ಇದೆ. ಎರಡು ಕುಟುಂಬದ ಮನೆ ಅಂತಲೇ ಬೆಲೆ ಕಟ್ಟಿ, ಮೂರನೆಯ ಅಡುಗೆಮನೆ ತೆಗೆಸಿ, ಖಾಲಿ ಮಾಡಿಸಿ ಕೊಡಬೇಕು ಅನ್ನಿ. ಇಲ್ಲವೇ ಮೂರರ ಬೆಲೆ ಕೊಡುತ್ತೇನೆ, ಆದರೆ ಮೂರು ಕುಟುಂಬದ ಅಂತಿಮ ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ ಕ್ಲೋಸಿಂಗ್, ಇಂಥ ದಿನದೊಳಗೆ ಬರದಿದ್ದರೆ ಡಿಪಾಸಿಟ್ ವಾಪಸ್ ಅಂತ ಒಪ್ಪಂದದ ರೈಡರಿನಲ್ಲಿ (ಹೆಚ್ಚುವರಿ ಷರತ್ತುಗಳ ಹಾಳೆ) ಬರೆಸಿ. ತಾತ್ಕಾಲಿಕ ಸರ್ಟಿಫಿಕೇಟ್ ತೋರಿಸಿದರೆ ಅದರ ಮುಗಿಯುವ ದಿನಾಂಕ ನೋಡಿ. ನವೀಕರಿಸುತ್ತ ಹೋಗುವ ಕೆಲಸ ಆಮೇಲೆ ನಿಮ್ಮ ತಲೆಗೆ.